ಪ್ರೇಮಕತೆ ಬರೆಯೋದೂ ಒಂದು ಡ್ಯೂಟಿ

ಸಿವಿಲ್ ಬ್ರಾಂಚಿನವರಿಗೆ ಒಂದು ಪ್ರಶ್ನೆ. ಹೆದ್ದಾರಿಯ ಮೇಲ್ಪದರಕ್ಕೆ ಜಲ್ಲಿ, ಕಲ್ಲುಪುಡಿ, ಬಿಟುಮಿನ್ ಬಿಟ್ಟರೆ ಇನ್ನೇನು ಹಾಕಬಹುದು? ಪ್ಲಾಸ್ಟಿಕ್ ಅಂತ ಯಾರೋ ಒಬ್ಬರು ಕೈ ಎತ್ತುತ್ತಾರೆ, ಅದೂ ಸರಿ. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ 2003ರ ಡಿಸೆಂಬರಿನಲ್ಲಿ ತೆರೆದ ಎಂ6 ಟೋಲ್ ಹೆದ್ದಾರಿಯಲ್ಲಿ ಪ್ರೇಮ ಕಾದಂಬರಿಗಳಿವೆ. ತಮಾಷೆಯಲ್ಲ. ಸುಮಾರು 25 ಲಕ್ಷ ಹಳೆಯ ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ನೆನೆಸಿ, ಅರೆದು, ತಿರುಳು ಮಾಡಿ ಆ ರಸ್ತೆಯ ಮಿಶ್ರಣಕ್ಕೆ ಸೇರಿಸಿದರು.

ಕಾರಣ ತೀರಾ ಸರಳ. ಸ್ಟೋನ್ ಮ್ಯಾಸ್ಟಿಕ್ ಆಸ್ಫಾಲ್ಟ್ ಅನ್ನೋ ಮಿಶ್ರಣದಲ್ಲಿ ದಪ್ಪ ಜಲ್ಲಿ ಜಾಸ್ತಿ, ಮಧ್ಯಮ ಗಾತ್ರದ್ದು ಕಮ್ಮಿ, ಬಿಟುಮಿನ್ ಮಾಮೂಲಿಗಿಂತ ಹೆಚ್ಚು. ಬಿಸಿಬಿಸಿ ಮಾಲು ಲಾರಿಯಲ್ಲಿ ಸೈಟಿಗೆ ಹೋಗುವಾಗ ಆ ಬಿಟುಮಿನ್ ಜಲ್ಲಿಯ ಮೈಬಿಟ್ಟು ಕೆಳಗೆ ಸೋರುತ್ತೆ. ಅದನ್ನು ಹಿಡಿದು ನಿಲ್ಲಿಸೋಕೆ ಸ್ವಲ್ಪ ಸೆಲ್ಯುಲೋಸ್ ನಾರು ಬೇಕು. ಕಾಗದ ಅಂದ್ರೆ ಸೆಲ್ಯುಲೋಸೇ ತಾನೇ?

ರಸ್ತೆ ವಿಷಯ ಇಷ್ಟಕ್ಕೇ ಸಾಕು. ನನಗೆ ಕುತೂಹಲ ಇರೋದು ಆ ಪುಸ್ತಕಗಳನ್ನು ಬರೆದವರ ಬಗ್ಗೆ. 25 ಲಕ್ಷ ಪ್ರತಿ ಅರೆಯೋಕೆ ಸಿಗಬೇಕಾದರೆ ಎಷ್ಟು ಬರೆದಿರಬೇಕು? ಯಾರು ಬರೀತಾರೆ, ದಿನಕ್ಕೆ ಎಷ್ಟು ಪುಟ, ಯಾವ ಹೊತ್ತಿನಲ್ಲಿ, ಕೈಗೆ ಎಷ್ಟು ದುಡ್ಡು ಬರುತ್ತೆ? ಪ್ರೇಮ ಕಾದಂಬರಿ ಅಂದ ಕೂಡಲೇ ನಾವೆಲ್ಲ ಒಂದು ನಗು ನಗ್ತೀವಿ. ಹಾಸ್ಟೆಲ್‌ನಲ್ಲಿ ಯಾರ ಕೈಯಲ್ಲಾದರೂ ಕಂಡರೆ ರೇಗಿಸ್ತೀವಿ. ಆದರೆ ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಕವಿಯ ಕೆಲಸಕ್ಕಿಂತ ಹೆಚ್ಚಾಗಿ ನಮ್ಮ ಕೆಲಸದ ಥರಾನೇ ಕಾಣುತ್ತೆ: ಸ್ಪೆಸಿಫಿಕೇಶನ್, ಡೆಡ್‌ಲೈನ್, ರಿವಿಷನ್, ಕೊನೆಗೆ ಸಹಿ ಹಾಕಿದ ಕರಾರಿನಲ್ಲಿ ಏನಿತ್ತೋ ಅಷ್ಟೇ ಸಂಬಳ.

ಸೋಪಿನ ಥರ ಮಾರಿದ ಪುಸ್ತಕ

ಮಿಲ್ಸ್ ಅಂಡ್ ಬೂನ್ ಅನ್ನೋದು ಲೇಖಕರ ಹೆಸರಲ್ಲ, ಕಂಪನಿಯ ಹೆಸರು. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಎಂಬ ಇಬ್ಬರು 1908ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಪ್ರಕಾಶನ. ಮೊದಮೊದಲು ಅವರು ಎಲ್ಲ ಬಗೆಯ ಪುಸ್ತಕಗಳನ್ನೂ ಹಾಕುತ್ತಿದ್ದರು. ಜ್ಯಾಕ್ ಲಂಡನ್, ವೋಡ್‌ಹೌಸ್ ಅವರ ಪುಸ್ತಕಗಳೂ ಅಲ್ಲಿಂದ ಬಂದಿವೆ. 1930ರ ದಶಕದಲ್ಲಿ ಅವರು ಒಂದು ವಿಷಯ ಗಮನಿಸಿದರು. ಎರಡು ಪೆನ್ನಿ ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಸಣ್ಣ ಲೈಬ್ರರಿಗಳು ಬೀದಿಬೀದಿಯಲ್ಲಿ ಹುಟ್ಟಿಕೊಂಡಿದ್ದವು. ಅಲ್ಲಿಗೆ ಬರುವ ಹೆಂಗಸರು ವಾರ ವಾರವೂ ಕೇಳುತ್ತಿದ್ದದ್ದು ಪ್ರೇಮಕತೆಗಳನ್ನೇ. ಕಂಪನಿ ಉಳಿದದ್ದನ್ನೆಲ್ಲ ಕಮ್ಮಿ ಮಾಡಿ ಅದೊಂದನ್ನೇ ಹಿಡಿಯಿತು.

ನಮ್ಮಲ್ಲೂ ಬಾಡಿಗೆ ಲೈಬ್ರರಿಗಳಿದ್ದವಲ್ಲ, ಅದೇ ಲೆಕ್ಕ. ಅಮ್ಮನನ್ನೋ ಅತ್ತೆಯನ್ನೋ ಕೇಳಿ ನೋಡಿ: ಸರ್ಕ್ಯುಲೇಟಿಂಗ್ ಲೈಬ್ರರಿಗೆ ಹೋಗಿ ಒಂದು ಕಾದಂಬರಿ ತಂದು, ಬಾಡಿಗೆ ಉಳಿಸೋಕೆ ರಾತ್ರಿಯೆಲ್ಲ ಓದಿ, ಮಾರನೇ ದಿನವೇ ವಾಪಸ್ ಕೊಟ್ಟ ಕತೆ ಹೇಳ್ತಾರೆ.

1949ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಎಂಬ ಕಂಪನಿ 1957ರಿಂದ ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ಅಲ್ಲಿ ಮರುಮುದ್ರಣ ಮಾಡತೊಡಗಿತು. 1971ರಲ್ಲಿ ಮಿಲ್ಸ್ ಅಂಡ್ ಬೂನ್ ಅನ್ನೇ ಕೊಂಡುಕೊಂಡಿತು. ಆ ಕಾಲಕ್ಕೆ ಹಾರ್ಲೆಕ್ವಿನ್ ನಡೆಸಲು ಬಂದವರು ಲಾರೆನ್ಸ್ ಹೈಸಿ. ಅವರು ಅದಕ್ಕೆ ಮುಂಚೆ ಇದ್ದದ್ದು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ, ಅಂದ್ರೆ ಸೋಪು, ಡಿಟರ್ಜೆಂಟ್ ಮಾರುವ ಕಂಪನಿಯಲ್ಲಿ. ಪುಸ್ತಕವನ್ನೂ ಅದೇ ರೀತಿ ಮಾರಿದರು. ಪುಸ್ತಕದಂಗಡಿ ಜೊತೆಗೆ ಸೂಪರ್‌ಮಾರ್ಕೆಟ್‌ನಲ್ಲೂ ಇಡಿ. ಲೇಖಕಿಯ ಹೆಸರಿಗಿಂತ ಬ್ರಾಂಡ್ ದೊಡ್ಡದಾಗಿ ಕಾಣಲಿ. ಪ್ರತಿ ತಿಂಗಳೂ ಹೊಸ ಕಂತು ಬರಲಿ.

ಬರೆಯುವವರ ಬದುಕನ್ನು ನಿರ್ಧರಿಸಿದ್ದು ಈ ಮಾರಾಟದ ಪದ್ಧತಿ. ತಿಂಗಳ ಕಂತು ಅಂದ್ರೆ ನಿಮ್ಮ ಪುಸ್ತಕಕ್ಕೆ ಸ್ಟ್ಯಾಂಡಿನಲ್ಲಿ ಸಿಗೋದು ಹೆಚ್ಚುಕಮ್ಮಿ ಒಂದು ತಿಂಗಳು. ಮುಂದಿನ ತಿಂಗಳ ಪುಸ್ತಕಗಳು ಬಂದ ಕೂಡಲೇ ಉಳಿದ ಪ್ರತಿಗಳು ಜಾಗ ಖಾಲಿ ಮಾಡಬೇಕು. ಮಾರಾಟವಾಗದೆ ಉಳಿದದ್ದರಲ್ಲಿ ಬಹುಪಾಲು ಕೊನೆಗೆ ತಿರುಳಾಗುತ್ತೆ. ಎಂ6 ಟೋಲ್‌ಗೆ ಅಷ್ಟೊಂದು ಪುಸ್ತಕ ಸಿಕ್ಕಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಒಂದು ಪುಸ್ತಕ ಬರೆದು ಹತ್ತು ವರ್ಷ ಅದರ ಹೆಸರಲ್ಲಿ ಬದುಕುವುದು ಈ ದಾರಿಯಲ್ಲಿ ಆಗದ ಮಾತು. ಸಂಸಾರ ನಡೀಬೇಕು ಅಂದ್ರೆ ಮುಂದಿನದ್ದು ಬರೀತಾ ಇರಬೇಕು.

ಕೊನೆ ಗೊತ್ತಿದ್ದೂ ಕುತೂಹಲ

ಈಗ ಸ್ಪೆಸಿಫಿಕೇಶನ್ ನೋಡೋಣ. 1980ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶುರುವಾದ ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಪ್ರೇಮ ಕಾದಂಬರಿಗೆ ಎರಡೇ ಲಕ್ಷಣ ಹೇಳುತ್ತಿತ್ತು. ಒಂದು, ಕತೆಯ ನಡುಗಂಬ ಪ್ರೇಮವೇ ಆಗಿರಬೇಕು. ಎರಡು, ಮುಕ್ತಾಯ ಓದುಗರ ಮನಸ್ಸಿಗೆ ಸಮಾಧಾನ, ಭರವಸೆ ಕೊಡಬೇಕು. ಕಂಪನಿಗಳು ಇದರ ಮೇಲೆ ತಮ್ಮ ತಮ್ಮ ಷರತ್ತು ಸೇರಿಸುತ್ತವೆ. ಆಸ್ಪತ್ರೆಯ ಕತೆಗಳ ಸಾಲು ಬೇರೆ, ಐತಿಹಾಸಿಕ ಕತೆಗಳ ಸಾಲು ಬೇರೆ. ಪ್ರತಿ ಸಾಲಿಗೂ ಪದಮಿತಿ ಇದೆ. ಹಾರ್ಲೆಕ್ವಿನ್‌ನ ಹೆಸರುವಾಸಿ ಸಾಲೊಂದಕ್ಕೆ ಸುಮಾರು 50,000 ಪದ. ಅದನ್ನು ಮೀರಿ ಎಷ್ಟೇ ಚೆನ್ನಾಗಿ ಬರೆದರೂ ಕತ್ತರಿ ಬೀಳುತ್ತೆ, ಯಾಕಂದ್ರೆ ಆ ಪುಸ್ತಕದ ದಪ್ಪ, ಬೆಲೆ, ಡಬ್ಬಕ್ಕೆ ಎಷ್ಟು ಹಿಡಿಸಬೇಕು ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ.

ಓದುಗರಿಗೆ ಮೊದಲ ಪುಟದಲ್ಲೇ ಗೊತ್ತು, ಇವರಿಬ್ಬರೂ ಒಂದಾಗ್ತಾರೆ ಅಂತ. ಹಾಗಿದ್ದ ಮೇಲೆ ಓದೋದು ಯಾಕೆ? ಬರೆಯುವವರಿಗೆ ಇರುವ ನಿಜವಾದ ಕಷ್ಟ ಇದೇ. ಸೇತುವೆಯ ಎರಡು ದಡ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತೆ. ನಡುವಿನ ಹೊಳೆಯಲ್ಲಿ ಕಂಬ ಹೇಗೆ ನಿಲ್ಲಿಸ್ತೀರಿ ಅನ್ನೋದರಲ್ಲೇ ಇಂಜಿನಿಯರಿಂಗ್ ಇರೋದು. ಅದಕ್ಕೇ ಇವರು ‘ಏನಾಗುತ್ತೆ’ ಅನ್ನೋದರ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ. ‘ಈಗಲೇ ಯಾಕೆ ಆಗ್ತಿಲ್ಲ’ ಅನ್ನೋದರ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡ್ತಾರೆ.

ಒಂದು ಉದಾಹರಣೆ ಕಟ್ಟೋಣ. ಬೈಪಾಸ್ ರಸ್ತೆಯ ಸೈಟ್ ಇಂಜಿನಿಯರ್ ಒಬ್ಬ. ಆ ರಸ್ತೆಗೆ ಜಮೀನು ಕೊಡಲ್ಲ ಅಂತ ಕೂತಿರುವ ರೈತರ ಮನೆಯ ಹುಡುಗಿ ಒಬ್ಬಳು. ಹೊರಗಿನ ಅಡ್ಡಿ ಕಣ್ಣಿಗೆ ಕಾಣುತ್ತೆ: ರಸ್ತೆ. ಆದರೆ ಅದೊಂದೇ ಆದರೆ ರಸ್ತೆಯ ನಕ್ಷೆ ಬದಲಾದ ದಿನ ಕತೆ ಮುಗಿದುಹೋಗುತ್ತೆ. ಹಾಗಾಗಿ ಒಳಗೊಂದು ಅಡ್ಡಿ ಬೇಕು. ಇವನು ತನ್ನ ಊರಿನ ಹೊಲ ಮಾರಿಸಿ ಆ ದುಡ್ಡಲ್ಲಿ ಓದಿದವನು. ಮಣ್ಣಿನ ಮೇಲೆ ಆಸೆ ಇಟ್ಟುಕೊಂಡರೆ ಉದ್ಧಾರ ಇಲ್ಲ ಅಂತ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ. ಇವಳು ಸಾಯೋ ಹೊತ್ತಿನಲ್ಲಿದ್ದ ಅಪ್ಪನಿಗೆ ಮಾತು ಕೊಟ್ಟಿದ್ದಾಳೆ. ಈಗ ಇಬ್ಬರೂ ಒಂದಾಗಬೇಕಾದರೆ ಇಬ್ಬರೂ ಒಳಗೆ ಬದಲಾಗಬೇಕು. 50,000 ಪದ ನಡೆಯೋಕೆ ಸಾಕಾಗುವಷ್ಟು ದಾರಿ ಇಲ್ಲಿದೆ. ಅದು ಬಿಟ್ಟು, ಅವನ ಜೊತೆ ಇದ್ದ ಹುಡುಗಿ ಅವನ ತಂಗಿ ಅಂತ ಕೊನೇ ಅಧ್ಯಾಯದಲ್ಲಿ ಗೊತ್ತಾಗೋ ಥರದ ಅಡ್ಡಿ ಇಟ್ಟರೆ, ಒಂದು ಫೋನ್ ಮಾಡಿದ್ದರೆ ಎರಡನೇ ಅಧ್ಯಾಯದಲ್ಲೇ ಮುಗೀತಿತ್ತಲ್ಲ ಅಂತ ಸಂಪಾದಕರು ಹಸ್ತಪ್ರತಿ ವಾಪಸ್ ಕಳಿಸ್ತಾರೆ.

ಹಸ್ತಪ್ರತಿಯ ದಾರಿಯೂ ನಮ್ಮ ಪ್ರಾಜೆಕ್ಟಿನ ದಾರಿಯಂತೆಯೇ. ಮೊದಲು ಸಿನಾಪ್ಸಿಸ್ ಮತ್ತು ಆರಂಭದ ಕೆಲವು ಅಧ್ಯಾಯ. ಒಪ್ಪಿದರೆ ಪೂರ್ತಿ ಹಸ್ತಪ್ರತಿ. ಆಮೇಲೆ ತಿದ್ದುಪಡಿಯ ಪಟ್ಟಿ ಬರುತ್ತೆ, ಕೆಲವೊಮ್ಮೆ ಅರ್ಧ ಪುಸ್ತಕ ಮತ್ತೆ ಬರೀಬೇಕಾಗುತ್ತೆ. ನಂತರ ಭಾಷೆ ತಿದ್ದುವವರ ಪ್ರಶ್ನೆಗಳು, ಕರಡು ತಿದ್ದುವುದು. ಇದರ ಮಧ್ಯೆ ಮುಖಪುಟದ ಕಲಾವಿದರಿಗಾಗಿ ಒಂದು ಫಾರ್ಮ್ ತುಂಬಬೇಕು: ನಾಯಕಿಯ ಕೂದಲಿನ ಬಣ್ಣ, ನಾಯಕನ ಎತ್ತರ, ಯಾವ ದೃಶ್ಯ ಚಿತ್ರಕ್ಕೆ ಒಗ್ಗುತ್ತೆ ಇತ್ಯಾದಿ. ಪುಸ್ತಕದ ಹೆಸರನ್ನು ಎಷ್ಟೋ ಸಲ ಮಾರಾಟ ವಿಭಾಗವೇ ಇಡುತ್ತೆ. ಮೊದಲನೆಯದರ ಕರಡು ಮೇಜಿನ ಮೇಲಿರುವಾಗ ಎರಡನೆಯದರ ತಿದ್ದುಪಡಿ ನಡೀತಿರುತ್ತೆ, ಮೂರನೆಯದು ಇನ್ನೂ ತಲೆಯಲ್ಲಿ ಬೇಯ್ತಿರುತ್ತೆ. ಪ್ರಾಸೆಸರ್ ಪೈಪ್‌ಲೈನ್ ಓದಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಲೆಕ್ಕ ಹಾಕಿ ನೋಡಿ. ದಿನಕ್ಕೆ 1,000 ಪದ, ವಾರಕ್ಕೆ ಐದು ದಿನ ಅಂದ್ರೆ ಮೊದಲ ಕರಡಿಗೇ ಹತ್ತು ವಾರ. ತಿದ್ದುಪಡಿಗೆ ನಾಲ್ಕೈದು ವಾರ ಸೇರಿಸಿ. ಯಾರಿಗೂ ಜ್ವರ ಬರದೆ, ಮನೆಗೆ ನೆಂಟರು ಬರದೆ ಎಲ್ಲ ಸರಿಯಾಗಿ ನಡೆದರೆ ವರ್ಷಕ್ಕೆ ಮೂರು ಪುಸ್ತಕ.

ಮೂವರ ಕೆಲಸದ ಮೇಜು

ಈ ಲೆಕ್ಕವನ್ನೆಲ್ಲ ಮೀರಿದ ಒಬ್ಬರಿದ್ದರು: ಬಾರ್ಬರಾ ಕಾರ್ಟ್‌ಲ್ಯಾಂಡ್. 1901ರಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡರು. ಮೊದಲ ಕಾದಂಬರಿ 1923ರಲ್ಲಿ ಬಂತು, ಒಟ್ಟು ಬರೆದದ್ದು 700ಕ್ಕೂ ಹೆಚ್ಚು ಪುಸ್ತಕ. ಒಂದೇ ವರ್ಷದಲ್ಲಿ 23 ಕಾದಂಬರಿ ಬರೆದು ಗಿನ್ನೆಸ್ ದಾಖಲೆ ಸೇರಿದರು. ಅವರು ಸ್ವತಃ ಪೆನ್ನು ಹಿಡಿಯುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸೋಫಾ ಮೇಲೆ ಒರಗಿ, ಕಾಲಿನ ಹತ್ತಿರ ಬಿಸಿನೀರಿನ ಚೀಲ, ಪಕ್ಕದಲ್ಲಿ ನಾಯಿ. ಹಿಂದೆ ಕೂತ ಸೆಕ್ರೆಟರಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನಕ್ಕೆ ಆರರಿಂದ ಎಂಟು ಸಾವಿರ ಪದ. ಹದಿನೈದು ದಿನಕ್ಕೊಂದು ಕಾದಂಬರಿ. ಓದೋಕೆ ತಮಾಷೆ ಅನ್ನಿಸುತ್ತೆ, ಆದರೆ ಇದರ ಹಿಂದೆ ಕಾಣದ ಕೆಲಸ ಇತ್ತು: ಅವರ ಕತೆಗಳು ಹೆಚ್ಚಾಗಿ ಹಿಂದಿನ ಶತಮಾನದವು, ಹಾಗಾಗಿ ಪ್ರತಿ ಕತೆಗೂ ಇತಿಹಾಸದ ಪುಸ್ತಕಗಳ ರಾಶಿ ಓದುತ್ತಿದ್ದರು. ಸತ್ತಾಗ ಪ್ರಕಟವಾಗದ 160 ಹಸ್ತಪ್ರತಿಗಳು ಬಾಕಿ ಇದ್ದವು.

ಎರಡನೆಯವರು ಬೆಟ್ಟಿ ನೀಲ್ಸ್. ವೃತ್ತಿಯಿಂದ ನರ್ಸ್, ಗಂಡ ಡಚ್ ದೇಶದವರು. ನಿವೃತ್ತಿಯಾದ ಮೇಲೆ ಒಂದು ದಿನ ಲೈಬ್ರರಿಯಲ್ಲಿ ಯಾರೋ ಹೆಂಗಸು, ಓದೋಕೆ ಒಳ್ಳೆ ಪ್ರೇಮಕತೆಗಳೇ ಸಿಗಲ್ಲ ಅಂತ ಗೊಣಗಿದ್ದು ಕಿವಿಗೆ ಬಿತ್ತು. ಮನೆಗೆ ಹೋಗಿ ಬರೆಯೋಕೆ ಕೂತರು. ಮೊದಲ ಪುಸ್ತಕ 1969ರಲ್ಲಿ ಬಂದಾಗ ವಯಸ್ಸು ಅರವತ್ತರ ಆಸುಪಾಸು. 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ 130ಕ್ಕೂ ಹೆಚ್ಚು. ನಾಯಕಿ ಬಹುಪಾಲು ನರ್ಸ್, ನಾಯಕ ಬಹುಪಾಲು ಡಚ್ ಡಾಕ್ಟರು. ತಮಗೆ ಗೊತ್ತಿದ್ದ ವಾರ್ಡು, ರಾತ್ರಿ ಪಾಳಿ, ನೋಯುವ ಕಾಲು ಇವನ್ನೇ ಬಂಡವಾಳ ಮಾಡಿಕೊಂಡರು.

ಮೂರನೆಯವರು ಅಮೆರಿಕದ ನೋರಾ ರಾಬರ್ಟ್ಸ್. 1979ರ ಚಳಿಗಾಲದಲ್ಲಿ ಹಿಮ ಬಿದ್ದು ಹೊರಗೆ ಹೋಗೋಕೆ ಆಗದೆ, ಇಬ್ಬರು ಪುಟ್ಟ ಗಂಡುಮಕ್ಕಳ ಜೊತೆ ಮನೆಯಲ್ಲಿ ಸಿಕ್ಕಿಕೊಂಡಾಗ ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದರು. ಹಾರ್ಲೆಕ್ವಿನ್ ಅವರ ಹಸ್ತಪ್ರತಿಗಳನ್ನು ತಿರಸ್ಕರಿಸಿತು. ಆಮೇಲೆ ಹೊಸದಾಗಿ ಹುಟ್ಟಿದ ಸಿಲೂಯೆಟ್ ಎಂಬ ಪ್ರಕಾಶನ 1981ರಲ್ಲಿ ಮೊದಲ ಕಾದಂಬರಿ ಹಾಕಿತು. ಇವತ್ತಿಗೆ 200ಕ್ಕೂ ಹೆಚ್ಚು ಪುಸ್ತಕ. ದಿನಕ್ಕೆ ಆರರಿಂದ ಎಂಟು ಗಂಟೆ ಕೆಲಸ. ಮೂಡ್ ಬರಲಿ ಅಂತ ಕಾಯುವ ಪದ್ಧತಿ ಇವರಲ್ಲಿಲ್ಲ. 1997ರಲ್ಲಿ ಇನ್ನೊಂದು ಆಘಾತ: ಆ ಕಾಲದ ಬಹಳ ಜನಪ್ರಿಯ ಲೇಖಕಿ ಜ್ಯಾನೆಟ್ ಡೇಲಿ ತಮ್ಮ ಪುಸ್ತಕಗಳಿಂದ ನಕಲು ಮಾಡಿದ್ದಾರೆ ಅನ್ನೋದು ಬಯಲಿಗೆ ಬಂತು. ಡೇಲಿ ಅದನ್ನು ಒಪ್ಪಿಕೊಂಡರು. ‘ಎಲ್ಲ ಪ್ರೇಮಕತೆಯೂ ಒಂದೇ ಥರ ಅಲ್ವಾ’ ಅನ್ನುವವರಿಗೆ ಇದು ಉತ್ತರ. ಎಲ್ಲ ಒಂದೇ ಥರ ಆಗಿದ್ದರೆ ಕದಿಯೋಕೆ ಏನಿರುತ್ತಿತ್ತು?

ಕನ್ನಡದಲ್ಲಿ ವಾರವಾರದ ಗಡಿಯಾರ

ನಮ್ಮಲ್ಲಿ ತಿಂಗಳ ಕಂತಿನ ಕಂಪನಿ ಇರಲಿಲ್ಲ. ಆ ಕೆಲಸ ಮಾಡಿದ್ದು ವಾರಪತ್ರಿಕೆಗಳು. ಧಾರಾವಾಹಿ ಬರೆಯುವವರಿಗೆ ಪ್ರತಿ ವಾರ ಕಂತು ತಲುಪಿಸಬೇಕು, ಪ್ರತಿ ಕಂತಿನ ಕೊನೆಗೂ ಓದುಗರು ಮುಂದಿನ ವಾರ ಅಂಗಡಿಗೆ ಹೋಗುವಂತೆ ಒಂದು ಗಂಟು ಉಳಿಸಬೇಕು. ಪತ್ರಿಕೆಯಲ್ಲಿ ಬಂದದ್ದು ಪುಸ್ತಕವಾಗಿ, ಪುಸ್ತಕ ಬಾಡಿಗೆ ಲೈಬ್ರರಿ ಸೇರಿ, ಅದೃಷ್ಟ ಇದ್ದರೆ ಸಿನಿಮಾ ಆಗುತ್ತಿತ್ತು. ಸಾಯಿಸುತೆ ಎಂಬ ಕಾವ್ಯನಾಮದಲ್ಲಿ ಬರೆದ ರತ್ನಾ ಅಶ್ವತ್ಥನಾರಾಯಣ ಅವರ ಕಾದಂಬರಿಗಳು ನೂರಕ್ಕೂ ಹೆಚ್ಚು. ‘ಬಾಡದ ಹೂ’, ‘ಇಬ್ಬನಿ ಕರಗಿತು’ 80ರ ದಶಕದಲ್ಲಿ ತೆರೆಗೂ ಬಂದವು.

ಅದಕ್ಕೂ ಮೊದಲು ತ್ರಿವೇಣಿ. ನಿಜ ಹೆಸರು ಅನಸೂಯಾ ಶಂಕರ್. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 34. ಸುಮಾರು ಹತ್ತು ವರ್ಷದ ಬರವಣಿಗೆಯಲ್ಲಿ ಇಪ್ಪತ್ತರಷ್ಟು ಕಾದಂಬರಿ. ಇವರನ್ನು ಮಿಲ್ಸ್ ಅಂಡ್ ಬೂನ್ ಸಾಲಿಗೆ ಸೇರಿಸೋಕೆ ಆಗಲ್ಲ, ಯಾಕಂದ್ರೆ ಇವರ ಕತೆಗಳಿಗೆ ‘ಸುಖಾಂತ್ಯ ಗ್ಯಾರಂಟಿ’ ಅನ್ನೋ ಮೊಹರು ಇಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ನೋಡಿದವರಿಗೆ ಗೊತ್ತು, ಕೊನೆಯಲ್ಲಿ ಇಂದಿರಾ ಮದುವೆಗೆ ಒಪ್ಪಲ್ಲ. ‘ಶರಪಂಜರ’ದ ಕಾವೇರಿಗೆ ಪ್ರೀತಿಸಿ ಮದುವೆಯಾದ ಗಂಡನೇ ಮಾನಸಿಕ ಕಾಯಿಲೆ ವಾಸಿಯಾದ ಮೇಲೂ ಹೆಗಲು ಕೊಡಲ್ಲ. ಪ್ರೀತಿ ಅಂತ ಶುರುವಾದ ಕತೆ ಮನೆಯೊಳಗೆ ಏನಾಗುತ್ತೆ ಅಂತ ಇವರು ನೋಡಿದರು. ಮುಕ್ತಾಯದ ಷರತ್ತು ಇಲ್ಲದ ಕಡೆ ಲೇಖಕಿಗೆ ಎಷ್ಟು ಸ್ವಾತಂತ್ರ್ಯ ಇರುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಆ ಸ್ವಾತಂತ್ರ್ಯದ ಜೊತೆ ತಿಂಗಳ ಚೆಕ್ಕಿನ ಭರವಸೆ ಬರಲ್ಲ, ಅದನ್ನೂ ಮರೀಬಾರದು.

ಈಗ ಕಂತಿನ ಪದ್ಧತಿ ಫೋನಿಗೆ ಬಂದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿ ಆ್ಯಪ್‌ನಲ್ಲಿ ಕನ್ನಡದ ಪ್ರೇಮ ಧಾರಾವಾಹಿಗಳು ಕಂತು ಕಂತಾಗಿ ಬರ್ತಿವೆ. ಇಂಗ್ಲಿಷ್‌ನಲ್ಲಿ ಕಿಂಡಲ್ ಅನ್‌ಲಿಮಿಟೆಡ್ 2015ರ ಜುಲೈನಿಂದ ಲೇಖಕರಿಗೆ ದುಡ್ಡು ಕೊಡೋದು ಓದುಗರು ಎಷ್ಟು ಪುಟ ಓದಿದರು ಅನ್ನೋ ಲೆಕ್ಕದಲ್ಲಿ. ನೀವು 40ನೇ ಪುಟಕ್ಕೆ ಬೇಜಾರಾಗಿ ಮುಚ್ಚಿದರೆ ಬರೆದವರಿಗೆ ಸಿಗೋದು 40 ಪುಟದ ಕೂಲಿ.

ಎರಡು ಡಾಲರ್ ಮತ್ತು ಇಪ್ಪತ್ನಾಲ್ಕು ಸೆಂಟ್

ಈಗ ಎಲ್ಲಕ್ಕಿಂತ ಮುಖ್ಯ ವಿಷಯ, ದುಡ್ಡು. ಪ್ರಕಾಶಕರು ಮೊದಲು ಒಂದು ಮುಂಗಡ ಕೊಡ್ತಾರೆ. ಅದು ಬೋನಸ್ ಅಲ್ಲ; ಮುಂದೆ ಬರುವ ರಾಯಲ್ಟಿಯಲ್ಲಿ ಅದನ್ನು ಮುರಿದುಕೊಳ್ತಾರೆ. ಅಗ್ಗದ ಪೇಪರ್‌ಬ್ಯಾಕ್‌ಗೆ ರಾಯಲ್ಟಿ ಸಾಮಾನ್ಯವಾಗಿ ಮುಖಬೆಲೆಯ 6–8 ಶೇಕಡಾ. ಅಂಗಡಿಯಿಂದ ವಾಪಸ್ ಬರಬಹುದು ಅಂತ ಅದರಲ್ಲೂ ಒಂದು ಭಾಗ ತಡೆಹಿಡೀತಾರೆ. ಲೆಕ್ಕ ಬರೋದು ಆರು ತಿಂಗಳಿಗೊಮ್ಮೆ. ಇದರ ಮೇಲೆ, ಹಾರ್ಲೆಕ್ವಿನ್‌ನಲ್ಲಿ ಹಿಂದೆ ಬಹಳ ವರ್ಷ ಕಾವ್ಯನಾಮದ ಹಿಡಿತವೂ ಕಂಪನಿಯ ಕೈಯಲ್ಲೇ ಇರುತ್ತಿತ್ತು. ಹತ್ತು ವರ್ಷ ದುಡಿದು ಓದುಗರನ್ನು ಸಂಪಾದಿಸಿದ ಹೆಸರನ್ನು ಬಿಟ್ಟು, ಬೇರೆ ಪ್ರಕಾಶನಕ್ಕೆ ಹೊಸಬಳಾಗಿ ಹೋಗಬೇಕು.

ಆಮೇಲೆ ಇ-ಬುಕ್ ಬಂತು. ಹಳೆಯ ಪುಸ್ತಕಗಳೆಲ್ಲ ಮತ್ತೆ ಮಾರಾಟಕ್ಕೆ ಸಿಕ್ಕವು. ಒಂದು ತಿಂಗಳ ಆಯುಷ್ಯದ ಪುಸ್ತಕಕ್ಕೆ ಎರಡನೇ ಜನ್ಮ. ಲೇಖಕಿಯರ ಹಳೆಯ ಕರಾರಿನಲ್ಲಿ ಇಂಥ ಹಕ್ಕುಗಳಿಗೆ ‘ಪ್ರಕಾಶಕರಿಗೆ ಬಂದ ನಿವ್ವಳ ಮೊತ್ತದ ಶೇ. 50’ ಅಂತ ಇತ್ತು. ಕೇಳೋಕೆ ಚೆನ್ನಾಗಿದೆ ಅಲ್ವಾ? ಸಮಸ್ಯೆ ಇದ್ದದ್ದು ‘ಪ್ರಕಾಶಕರು’ ಅನ್ನೋ ಪದದಲ್ಲಿ. ಕರಾರಿನ ಪ್ರಕಾರ ಪ್ರಕಾಶಕರು ಅಂದ್ರೆ ಸ್ವಿಟ್ಜರ್ಲೆಂಡಿನಲ್ಲಿದ್ದ ಹಾರ್ಲೆಕ್ವಿನ್‌ನದೇ ಒಂದು ಅಂಗಸಂಸ್ಥೆ. ಆ ಸಂಸ್ಥೆ ಇ-ಬುಕ್ ಹಕ್ಕನ್ನು ಕೆನಡಾದ ಮೂಲ ಕಂಪನಿಗೆ ಮುಖಬೆಲೆಯ 6–8 ಶೇಕಡಾಕ್ಕೆ ಕೊಟ್ಟಿತ್ತು. ಅಂದ್ರೆ ‘ನಿವ್ವಳ ಮೊತ್ತ’ ಅಷ್ಟೇ. ಅದರಲ್ಲಿ ಅರ್ಧ ಲೇಖಕಿಗೆ.

8 ಡಾಲರಿನ ಇ-ಬುಕ್ ಅಂತ ಇಟ್ಟುಕೊಳ್ಳಿ. ಮಾರಾಟದ ಜಾಲದಿಂದ ಕಂಪನಿಗೆ ಅರ್ಧ, ಅಂದ್ರೆ 4 ಡಾಲರ್ ಬಂದರೆ, ಅದರಲ್ಲಿ ಶೇ. 50 ಲೇಖಕಿಗೆ 2 ಡಾಲರ್. ಆದರೆ ಸ್ವಿಸ್ ಸಂಸ್ಥೆಯ ಲೆಕ್ಕದಲ್ಲಿ ನಿವ್ವಳ ಮೊತ್ತ 48ರಿಂದ 64 ಸೆಂಟ್, ಲೇಖಕಿಗೆ 24ರಿಂದ 32 ಸೆಂಟ್. ಬಲ ಜೇಬಿನಿಂದ ಎಡ ಜೇಬಿಗೆ ದಾಟುವಾಗ ಹಣದ ಹೆಸರು ಬದಲಾಯ್ತು, ಅಷ್ಟೇ.

2012ರಲ್ಲಿ ಮೂವರು ಲೇಖಕಿಯರು ತಮ್ಮಂಥ ಎಲ್ಲರ ಪರವಾಗಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 1990ರಿಂದ 2004ರವರೆಗಿನ ಪುಸ್ತಕಗಳ ಪ್ರಶ್ನೆ ಅದು. 2013ರಲ್ಲಿ ಕೆಳಗಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಭಾಗವನ್ನು ಮಾತ್ರ ಉಳಿಸಿತು. ಆ ಭಾಗ ಉಳಿದದ್ದು ಕರಾರಿನ ಒಂದು ವಾಕ್ಯದಿಂದ: ಹಕ್ಕನ್ನು ತನ್ನದೇ ಸಂಬಂಧಿ ಸಂಸ್ಥೆಗೆ ಕೊಟ್ಟರೆ, ಸಂಬಂಧ ಇಲ್ಲದ ಹೊರಗಿನವರಿಂದ ನ್ಯಾಯವಾಗಿ ಎಷ್ಟು ಸಿಗುತ್ತಿತ್ತೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟೇ. 2016ರಲ್ಲಿ 41 ಲಕ್ಷ ಡಾಲರ್‌ಗೆ ರಾಜಿಯಾಯ್ತು. ಇಷ್ಟು ವರ್ಷ ಪ್ರೀತಿ, ಮದುವೆ, ಮಾತು ಕೊಡುವುದು, ಮಾತು ತಪ್ಪುವುದು ಇದರ ಬಗ್ಗೆಯೇ ಬರೆದವರಿಗೆ ಕೊನೆಗೆ ಕೈ ಹಿಡಿದದ್ದು ಕರಾರಿನ ಒಳಗಿದ್ದ ಒಂದು ವಾಕ್ಯ.

ಇದು ನಮಗೆ ಯಾಕೆ?

‘ನಾವೇನು ಕಾದಂಬರಿ ಬರೀತೀವಾ’ ಅಂತ ಕೇಳಬಹುದು. ಒಂದು ವಿಷಯ ಹೇಳ್ತೀನಿ ಕೇಳಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಸಾಹಿತ್ಯ ಕೃತಿ’ ಅನ್ನೋದರೊಳಗೆ ಕಂಪ್ಯೂಟರ್ ಪ್ರೋಗ್ರಾಂ ಕೂಡ ಬರುತ್ತೆ. ಕಾನೂನಿನ ಕಣ್ಣಿಗೆ ತ್ರಿವೇಣಿಯವರ ಕಾದಂಬರಿ, ನೀವು ಮೂರನೇ ಸೆಮಿಸ್ಟರಿನಲ್ಲಿ ಬರೆದ ಪೈಥಾನ್ ಕೋಡ್ ಎರಡೂ ಒಂದೇ ಪಂಕ್ತಿಯಲ್ಲಿ ಕೂತಿವೆ. ನಾವೆಲ್ಲ ಕಾನೂನಿನ ಪ್ರಕಾರ ಸಾಹಿತಿಗಳೇ, ಗುಣಮಟ್ಟದ ಮಾತು ಬೇರೆ ಬಿಡಿ.

ಹಾಗಾಗಿ ಮೂರು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಕೆಲಸಕ್ಕೆ ಸೇರಿ ಆ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಮಾಲೀಕರು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರು. ಎರಡು, ನೀವು ಸ್ವತಂತ್ರವಾಗಿ ಬರೆದದ್ದನ್ನು ಯಾರಿಗಾದರೂ ಹಕ್ಕು ಸಮೇತ ಕೊಟ್ಟರೆ, ಅದರಲ್ಲಿ ಅವಧಿ ಬರೆದಿಲ್ಲ ಅಂದ್ರೆ ಐದು ವರ್ಷ ಅಂತ ಕಾಯ್ದೆ ಹೇಳುತ್ತೆ. ಯಾವ ಪ್ರದೇಶ ಅಂತ ಬರೆದಿಲ್ಲ ಅಂದ್ರೆ ಭಾರತ ಮಾತ್ರ. ಅದೇ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಅಂತ ಬರೆದ ಕಾಗದಕ್ಕೆ ನೀವು ಸಹಿ ಹಾಕಿದರೆ ಈ ರಕ್ಷಣೆ ನೆರವಿಗೆ ಬರಲ್ಲ. ಮೂರು, ಲೇಖಕರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕಿನ ಅವಧಿ 2023ರ ಕೊನೆಗೆ ಮುಗಿದು, 2024ರ ಜನವರಿ 1ರಿಂದ ಅವು ಎಲ್ಲರ ಸ್ವತ್ತು. ನಮ್ಮಲ್ಲಿ ಯಾರಿಗಾದರೂ ಅವನ್ನು ಚೆನ್ನಾಗಿ ಯುನಿಕೋಡ್‌ಗೆ ತಂದು, ಓದುವ ಆ್ಯಪ್ ಮಾಡುವ ಆಸೆ ಇದ್ದರೆ ಕಾನೂನಿನ ಅಡ್ಡಿ ಇಲ್ಲ. ಮೈನರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಯೋಚನೆ ಮಾಡಿ.

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬರ್ತಿದೆ. ಆಫರ್ ಲೆಟರ್ ಬಂದ ದಿನ ಎಲ್ಲರೂ ನೋಡೋದು ಒಂದೇ ಸಾಲು, ಸಿಟಿಸಿ ಎಷ್ಟು ಅಂತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹತ್ತು ಪುಟ ಇರುತ್ತೆ: ಬಾಂಡ್ ಎಷ್ಟು ವರ್ಷ, ನೀವು ರಾತ್ರಿ ರೂಮಿನಲ್ಲಿ ಕೂತು ಮಾಡಿದ ಸ್ವಂತ ಪ್ರಾಜೆಕ್ಟ್ ಯಾರದು, ‘ಕಂಪನಿ’ ಅಂದ್ರೆ ಯಾವ ಕಂಪನಿ. ಪಾರ್ಟಿ ಆಮೇಲೆ ಕೊಡಿಸಿ, ಮೊದಲು ಅದನ್ನು ಓದಿ. ಅರ್ಥ ಆಗದ ಪದ ಇದ್ದರೆ ಗೊತ್ತಿರುವ ಸೀನಿಯರ್ ಹತ್ತಿರ ಕೇಳಿ, ನಾಚಿಕೆ ಬೇಡ.

ಇನ್ನೊಂದು ಮಾತು. ಮುಂದಿನ ಸಲ ರೂಮ್‌ಮೇಟ್ ಕೈಯಲ್ಲಿ ಪ್ರೇಮ ಕಾದಂಬರಿ ಕಂಡರೆ ರೇಗಿಸೋಕೆ ಮೊದಲು ಒಂದು ಅಧ್ಯಾಯ ಇಸ್ಕೊಂಡು ಓದಿ. ಅವರಿಬ್ಬರು ಈಗಲೇ ಯಾಕೆ ಒಂದಾಗ್ತಿಲ್ಲ ಅಂತ ಪತ್ತೆ ಹಚ್ಚಿ. ಆ ಒಂದು ‘ಯಾಕೆ’ ಹುಡುಕೋಕೆ ಯಾರೋ ಒಬ್ಬರು, ಮಕ್ಕಳನ್ನು ಮಲಗಿಸಿ, ಅಡುಗೆಮನೆಯ ಮೇಜಿನ ಮೇಲೆ, ಎಷ್ಟೋ ರಾತ್ರಿ ಡ್ಯೂಟಿ ಮಾಡಿರ್ತಾರೆ.